ಮೈನ್‌ಕ್ರಾಫ್ಟ್‌ನಲ್ಲಿ ಕಿಚ್ಚು ಹಾಯ್ದ ಗೌರಿ: ಸಮನ್ ಕಮಾಂಡ್ ಬಗ್ಗೆ ನನ್ನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದ ಜಾವಾ ಎಡಿಷನ್ ಕೊಂಡು, ಬೇಕಾದ ಪ್ರಾಣಿಯನ್ನು ಕರೆಸುವ ಸಮನ್ ಕಮಾಂಡ್ ಒಂದನ್ನೂ ಟೈಪ್ ಮಾಡದೆ ಇದ್ದರೆ ಕೊಟ್ಟ ದುಡ್ಡಿಗೆ ನೀವು ಅರ್ಧ ಆಟ ಮಾತ್ರ ಆಡಿದ್ದೀರಿ. ಮನೆ ಕಟ್ಟುವುದು, ಗಣಿ ತೋಡುವುದು, ರಾತ್ರಿ ಜಾಂಬಿಗಳಿಂದ ತಪ್ಪಿಸಿಕೊಳ್ಳುವುದು ಎಲ್ಲ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಒಂದು ಹಸುವಿಗೆ ನಮಗೆ ಬೇಕಾದ ಬಣ್ಣ, ಬೇಕಾದ ಎತ್ತರ, ಬೇಕಾದ ಹೆಸರು ಕೊಟ್ಟು ಕರೆದಾಗ, ಅದು ಎದುರಿಗೇ ಬಂದು ನಿಂತು ಅಂಬಾ ಅನ್ನುತ್ತದಲ್ಲ, ಆ ಖುಷಿಯೇ ಬೇರೆ. ಈ ರಿವ್ಯೂ ಆ ಒಂದು ಸೌಲಭ್ಯದ ಬಗ್ಗೆ ಮಾತ್ರ.

ನಮ್ಮ ಮನೆಯಲ್ಲಿ ಇದು ಶುರುವಾಗಿದ್ದು ಸಂಕ್ರಾಂತಿ ರಜೆಯಲ್ಲಿ. ಅಣ್ಣನ ಮಗಳು ಬೆಂಗಳೂರಿನಿಂದ ಮೈಸೂರಿಗೆ ಬಂದಿದ್ದಳು, ಆರನೇ ಕ್ಲಾಸಿನ ಹುಡುಗಿ. ಸಂಜೆ ಊರ ಕಡೆ ಕರೆದುಕೊಂಡು ಹೋಗಿ ಕಿಚ್ಚು ಹಾಯಿಸುವುದನ್ನು ತೋರಿಸಿದೆ. ಮೈತೊಳೆದು ಅರಿಶಿನ ಹಚ್ಚಿದ ದನಗಳು, ಬಣ್ಣ ಬಳಿದ ಕೊಂಬು, ರಸ್ತೆಗೆ ಅಡ್ಡಲಾಗಿ ಉರಿಯುವ ಹುಲ್ಲು, ಹಗ್ಗ ಹಿಡಿದು ಜೊತೆಗೇ ಹಾರುವ ಹುಡುಗರು. ಮಗು ಕಣ್ಣು ಮಿಟುಕಿಸದೆ ನೋಡಿದಳು. ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆಗೆದು, "ಅತ್ತೆ, ನಮ್ಮ ಹಸೂನೂ ಹೀಗೇ ಹಾರಿಸೋಣ" ಅಂದಳು.

ಸರಿ ಅಂತ ಕೂತೆವು. ಲೋಕ ಸೃಷ್ಟಿಸುವಾಗಲೇ ಕಮಾಂಡ್‌ಗಳಿಗೆ ಅನುಮತಿ ಕೊಡುವ ಬಟನ್ ಇರುತ್ತದೆ, ಅದನ್ನು ಆನ್ ಮಾಡಿಕೊಂಡಿರಬೇಕು. ಆಟದ ಮಧ್ಯೆ ಸ್ಲ್ಯಾಶ್ ಕೀ ಒತ್ತಿದರೆ ಕೆಳಗೆ ಟೈಪ್ ಮಾಡುವ ಸಾಲು ತೆರೆದುಕೊಳ್ಳುತ್ತದೆ. ಸಮನ್ ಅಂತ ಬರೆದು, ಪ್ರಾಣಿಯ ಹೆಸರು ಬರೆದು, ಆಮೇಲೆ ಜಾಗ ಹೇಳಬೇಕು. ಮೂರು ಸಲ ಟಿಲ್ಡೆ, ಅಂದರೆ ~ ~ ~ ಹಾಕಿದರೆ ನೀವು ನಿಂತಿರುವಲ್ಲೇ ಬರುತ್ತದೆ. ಇಷ್ಟಕ್ಕೆ ಒಂದು ಮಾಮೂಲಿ ಹಸು ಬರುತ್ತದೆ. ನಿಜವಾದ ಆಟ ಶುರುವಾಗುವುದು ಅದರ ಮುಂದೆ ಬರುವ ಕರ್ಲಿ ಬ್ರ್ಯಾಕೆಟ್ ಒಳಗೆ. ಪ್ರಾಣಿಯ ಒಂದೊಂದು ಗುಣಕ್ಕೂ ಅಲ್ಲಿ ಟ್ಯಾಗ್ ಅನ್ನುವ ಒಂದು ಹೆಸರಿದೆ, ಹೆಸರಿನ ಮುಂದೆ ಒಂದು ಬೆಲೆ. ಬೆಲೆ ಬದಲಿಸಿದರೆ ಪ್ರಾಣಿ ಬದಲಾಗುತ್ತದೆ.

ನಾವು ಮೊದಲು ಕೊಟ್ಟಿದ್ದು ಬಣ್ಣ. 2025ರ ಮಾರ್ಚ್‌ನಲ್ಲಿ ಬಂದ 1.21.5 ವರ್ಷನ್‌ನಿಂದ ಹಸುವಿನಲ್ಲಿ ಮೂರು ಬಗೆ ಇವೆ. ಅದರಲ್ಲಿ ವಾರ್ಮ್ ಅನ್ನುವ ಬಗೆ ಕೆಂಪು ಮಿಶ್ರಿತ ಕಂದು ಬಣ್ಣದ್ದು, ನಮ್ಮ ಕೆಂದ ಹಸುವಿಗೆ ಹತ್ತಿರ. ಆಮೇಲೆ ಹೆಸರು, ಗೌರಿ. ಹೆಸರು ಯಾವಾಗಲೂ ತಲೆಯ ಮೇಲೆ ಕಾಣುವ ಹಾಗೆ ಇನ್ನೊಂದು ಟ್ಯಾಗ್. ಕೊನೆಗೆ ಬೆಂಕಿ ತಾಗದಿರಲು ಫೈರ್ ರೆಸಿಸ್ಟೆನ್ಸ್ ಎಫೆಕ್ಟ್, ಅವಧಿ -1. ಮೈನಸ್ ಒಂದು ಅಂದರೆ ಮುಗಿಯುವುದೇ ಇಲ್ಲ ಅಂತ ಅರ್ಥ. ಹುಲ್ಲಿನ ಕಟ್ಟುಗಳನ್ನು ಸಾಲಾಗಿ ಇಟ್ಟು, ಬೆಂಕಿ ಹರಡದಂತೆ ಗೇಮ್‌ರೂಲ್ ಒಂದನ್ನು ಆಫ್ ಮಾಡಿ, ಚಕಮಕಿ ಹಚ್ಚಿದೆವು. ಈ ಗೇಮ್‌ರೂಲ್ ಮರೆಯಬೇಡಿ. ಆಫ್ ಮಾಡದೆ ಹಚ್ಚಿದ್ದರೆ ಪಕ್ಕದಲ್ಲಿದ್ದ ಮರದ ಕೊಟ್ಟಿಗೆಯೂ ಹೊತ್ತಿಕೊಳ್ಳುತ್ತಿತ್ತು. ಇನ್ನೊಂದು ಅನುಕೂಲ ಅಂದರೆ, ಹಾಗೆ ಆಫ್ ಮಾಡಿದಾಗ ಹಚ್ಚಿದ ಬೆಂಕಿ ತಾನಾಗಿ ಆರುವುದೂ ಇಲ್ಲ.

ಗೋಧಿ ಹಿಡಿದು ಬೆಂಕಿಯ ಆಚೆ ಬದಿ ನಿಂತು ಕರೆದೆ. ಗೌರಿ ಬಂದಳು, ಬೆಂಕಿಯ ಹತ್ತಿರ ನಿಂತುಬಿಟ್ಟಳು. ಎಡಕ್ಕೆ ಹೋದಳು, ಬಲಕ್ಕೆ ಹೋದಳು, ಬೆಂಕಿಗೆ ಮಾತ್ರ ಕಾಲಿಡಲಿಲ್ಲ. "ಸುಡಲ್ಲ ಅಂತ ಅದಕ್ಕೆ ಗೊತ್ತಿಲ್ವಾ ಅತ್ತೆ?" ಅಂತ ಕೇಳಿದಳು ಅಣ್ಣನ ಮಗಳು. ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ನಿಜವಾಗಿಯೂ ಅದಕ್ಕೆ ಗೊತ್ತಿಲ್ಲ. ಬೆಂಕಿಯಿಂದ ನೋವಾಗುತ್ತದೋ ಇಲ್ಲವೋ ಅನ್ನುವುದು ಒಂದು ಲೆಕ್ಕ, ಯಾವ ದಾರಿಯಲ್ಲಿ ನಡೆಯಬೇಕು ಅನ್ನುವುದು ಇನ್ನೊಂದು ಲೆಕ್ಕ. ಹಸುವಿನ ದಾರಿಯ ಲೆಕ್ಕದಲ್ಲಿ ಬೆಂಕಿ ಅಂದರೆ ಗೋಡೆ ಇದ್ದ ಹಾಗೆ. ನಾವು ಮೊದಲನೆಯದನ್ನು ಬದಲಿಸಿದ್ದೆವು, ಎರಡನೆಯದು ಹಾಗೇ ಉಳಿದಿತ್ತು.

ಆಮೇಲೆ ಅವಳಿಗೇ ಹೊಳೆಯಿತು. "ಅಲ್ಲಿ ಅಣ್ಣಂದಿರು ಹಗ್ಗ ಹಿಡ್ಕೊಂಡಿದ್ರು ಅಲ್ವಾ?" ಆಟದಲ್ಲೂ ಹಗ್ಗ ಇದೆ, ಲೀಡ್ ಅಂತ. ಕಟ್ಟಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಹೋದರೆ ಒಂದು ದೂರ ದಾಟಿದ ಮೇಲೆ ಹಗ್ಗ ಬಿಗಿಯಾಗಿ ಪ್ರಾಣಿಯನ್ನು ಎಳೆಯುತ್ತದೆ. ಆಗ ದಾರಿಯ ಲೆಕ್ಕ ನಡೆಯುವುದಿಲ್ಲ. ಗೌರಿ ನೆಲದಿಂದ ಸ್ವಲ್ಪ ಎದ್ದು, ಉರಿಯುವ ಹುಲ್ಲಿನ ಮೇಲಿಂದ ಜಾರಿದ ಹಾಗೆ ಈಚೆ ಬಂದು ಬಿದ್ದಳು. ಮೈಮೇಲೆ ಜ್ವಾಲೆ ಕಾಣುತ್ತಿತ್ತು, ಜೀವಕ್ಕೆ ಏನೂ ಆಗಲಿಲ್ಲ. ಮಗು ಕುರ್ಚಿಯಿಂದ ಎದ್ದು ಕುಣಿದಳು. ಅವತ್ತು ಗೌರಿಯನ್ನು ಹನ್ನೊಂದು ಸಲ ಹಾಯಿಸಿದೆವು.

ನನಗೆ ಈ ಸೌಲಭ್ಯ ಇಷ್ಟವಾಗುವುದು ಇದಕ್ಕೇ. ಪ್ರಾಣಿ ನಿಜವಾಗಿ ಏನೇನರಿಂದ ಆಗಿದೆ ಅನ್ನುವುದು ಕೈಗೆ ಸಿಗುತ್ತದೆ. ಸುಮ್ನೆ ಪಟ್ಟಿಯಿಂದ ಒಂದು ಆರಿಸಿದರೆ ಅದು ಗೊತ್ತಾಗುವುದಿಲ್ಲ.

ಜಾಂಬಿಯನ್ನೇ ತೆಗೆದುಕೊಳ್ಳಿ. ಅದರ ಹೆಲ್ತ್ 20, ಅಂದರೆ ಹತ್ತು ಹೃದಯ. ನಡೆಯುವ ವೇಗ 0.23. ವೇಗವನ್ನು 0.5 ಮಾಡಿ ನೋಡಿ, ಅದೇ ಹಳೇ ಜಾಂಬಿ ಅಂತ ಅನ್ನಿಸುವುದೇ ಇಲ್ಲ, ಓಡಿದರೂ ತಪ್ಪಿಸಿಕೊಳ್ಳುವುದು ಕಷ್ಟ. ಹೆಲ್ತ್ ಜಾಸ್ತಿ ಮಾಡಲು ಹೋದಾಗ ಹೊಸಬರೆಲ್ಲ ಒಂದು ಕಡೆ ಎಡವುತ್ತಾರೆ. ಹೆಲ್ತ್ 100 ಅಂತ ಮಾತ್ರ ಬರೆದರೆ ಅದು 20ಕ್ಕೇ ನಿಲ್ಲುತ್ತದೆ, ಯಾಕೆಂದರೆ ಗರಿಷ್ಠ ಹೆಲ್ತ್ ಇನ್ನೂ 20 ಇದೆ. ಗರಿಷ್ಠವನ್ನು ಮಾತ್ರ 100 ಮಾಡಿದರೆ ಪಾತ್ರೆ ದೊಡ್ಡದಾಗುತ್ತದೆ, ಒಳಗೆ ನೀರು ಮಾತ್ರ ಅಷ್ಟೇ. ಎರಡನ್ನೂ ಬರೆಯಬೇಕು. ಗರಿಷ್ಠಕ್ಕೆ ಮಿತಿ 1024.

ಎತ್ತರ ಬದಲಿಸುವ ಸ್ಕೇಲ್ ಬಂದಿದ್ದು 2024ರ ಏಪ್ರಿಲ್‌ನಲ್ಲಿ, 1.20.5 ಜೊತೆ. ಅದಕ್ಕೆ ಮೊದಲು ಸ್ಲೈಮ್, ಮ್ಯಾಗ್ಮಾ ಕ್ಯೂಬ್, ಫ್ಯಾಂಟಮ್ ಎಂಬ ಜೀವಿಗಳಿಗೆ ಬಿಟ್ಟರೆ ಬೇರೆ ಪ್ರಾಣಿಗಳಿಗೆ ಹೀಗೆ ಬೇಕಾದ ಗಾತ್ರ ಕೊಡಲು ಮಾಡ್‌ಗಳ, ಅಂದರೆ ಹೊರಗಿನವರು ಬರೆದ ಸೇರ್ಪಡೆಗಳ ಮೊರೆ ಹೋಗಬೇಕಿತ್ತು. ಈಗ 0.0625ರಿಂದ 16ರವರೆಗೆ ಏನು ಬೇಕಾದರೂ ಕೊಡಬಹುದು. ಹಸುವಿನ ಎತ್ತರ 1.4 ಬ್ಲಾಕ್. 16 ಕೊಟ್ಟರೆ 22 ಬ್ಲಾಕ್ ದಾಟುತ್ತದೆ, ತಲೆ ಎತ್ತಿ ನೋಡಿದರೂ ಕೊಂಬು ಪೂರ್ತಿ ಕಾಣುವುದಿಲ್ಲ. ಆದರೆ ದೊಡ್ಡದಾದ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ. ಅದರ ಹೆಲ್ತ್ ಅದೇ 10. ವಜ್ರದ ಕತ್ತಿಯ ಎರಡು ಏಟಿಗೆ ಬೆಟ್ಟದಂಥ ಹಸು ಮಾಯ. ಮತ್ತೆ ಅದೇ ಪಾಠ, ಗಾತ್ರ ಬೇರೆ, ಜೀವ ಬೇರೆ, ಒಂದೊಂದನ್ನೂ ನಾವೇ ಹೇಳಬೇಕು.

ಸ್ಕೇಲ್‌ನಲ್ಲಿ ನನಗೆ ಅತಿ ಇಷ್ಟವಾದದ್ದು ನಮ್ಮನ್ನೇ ಚಿಕ್ಕದು ಮಾಡಿಕೊಳ್ಳುವುದು. ಅದಕ್ಕೆ ಸಮನ್ ಅಲ್ಲ, ಆಟ್ರಿಬ್ಯೂಟ್ ಅನ್ನುವ ಬೇರೆ ಕಮಾಂಡ್. 0.3 ಕೊಟ್ಟರೆ ನಾವು ಅರ್ಧ ಬ್ಲಾಕ್‌ಗಿಂತ ಒಂಚೂರು ಎತ್ತರ, ಅಷ್ಟೇ. ಕ್ಯಾಮೆರಾವೂ ನೆಲದ ಹತ್ತಿರಕ್ಕೆ ಇಳಿಯುತ್ತದೆ. ಕೋಳಿ ನಮಗಿಂತ ಎತ್ತರ. ಹುಲ್ಲು ಮರದ ಹಾಗೆ ಕಾಣುತ್ತದೆ. ಗೌರಿಯ ಹೊಟ್ಟೆಯ ಕೆಳಗೆ ನಿಂತು ಮೇಲೆ ನೋಡಿದಾಗ ಚಿಕ್ಕವರಿದ್ದಾಗ ಕೊಟ್ಟಿಗೆಯಲ್ಲಿ ನಿಂತ ನೆನಪು ಬಂತು ನನಗೆ.

ಕರುವಿನ ಲೆಕ್ಕವೂ ಚೆನ್ನಾಗಿದೆ. ಏಜ್ ಅನ್ನುವ ಟ್ಯಾಗ್‌ಗೆ -24000 ಕೊಟ್ಟರೆ ಕರು ಬರುತ್ತದೆ. ಆಟದ ಗಡಿಯಾರ ಸೆಕೆಂಡಿಗೆ 20 ಸಲ ಟಿಕ್ ಅನ್ನುತ್ತದೆ, ಹಾಗಾಗಿ 24000 ಟಿಕ್ ಅಂದರೆ 20 ನಿಮಿಷ. ಆ ಸಂಖ್ಯೆ ಒಂದೊಂದೇ ಏರುತ್ತಾ ಸೊನ್ನೆ ಮುಟ್ಟಿದಾಗ ಕರು ಹಸುವಾಗುತ್ತದೆ. "ದೊಡ್ಡದಾಗೋದು ಬೇಡ" ಅಂದಳು ಮಗು. ಮೈನಸ್ ಎರಡು ಬಿಲಿಯನ್ ಕೊಟ್ಟೆವು. ಅದು ಸೊನ್ನೆ ಮುಟ್ಟಲು ಆಟವನ್ನು ನಿಲ್ಲಿಸದೆ ಮೂರು ವರ್ಷ ಓಡಿಸಬೇಕು. ಈ ಗುಣಾಕಾರ ಭಾಗಾಕಾರವನ್ನು ಅವಳೇ ಪೇಪರ್ ತೆಗೆದು ಮಾಡಿದಳು, ನಾನು ಹೇಳಿಕೊಡಲಿಲ್ಲ.

ಇನ್ನೂ ಬೇಕಾದಷ್ಟಿವೆ. ಪ್ಯಾಸೆಂಜರ್ಸ್ ಟ್ಯಾಗ್‌ನಲ್ಲಿ ಹಂದಿಯ ಮೇಲೆ ಕೋಳಿ, ಕೋಳಿಯ ಮೇಲೆ ಮೊಲ ಅಂತ ಗೋಪುರ ಕಟ್ಟಬಹುದು. ನೋಎಐ ಹಾಕಿದರೆ ಪ್ರಾಣಿ ಗೊಂಬೆಯ ಹಾಗೆ ನಿಂತುಬಿಡುತ್ತದೆ, ಸೈಲೆಂಟ್ ಹಾಕಿದರೆ ಸದ್ದಿಲ್ಲ. ವಿಲೇಜರ್ ಏನು ಕೊಂಡು ಏನು ಮಾರಬೇಕು ಅಂತಲೂ ಬರೆಯಬಹುದು. ಹತ್ತಿರ ಬಂದು ಸಿಡಿಯುವ ಕ್ರೀಪರ್ ಎಂಬ ಜೀವಿಯ ಸಿಡಿತದ ಅಳತೆ ಮಾಮೂಲಿಗೆ 3, ಸಿಡಿಯುವ ಮುಂಚಿನ ಹೊತ್ತು, ಅಂದರೆ ಫ್ಯೂಸ್, 30 ಟಿಕ್, ಒಂದೂವರೆ ಸೆಕೆಂಡ್. ಅಳತೆಯನ್ನು 30 ಮಾಡಿದರೆ ಕೆರೆಯಷ್ಟು ದೊಡ್ಡ ಗುಂಡಿ ಬೀಳುತ್ತದೆ. ಹಳೇ ಲ್ಯಾಪ್‌ಟಾಪ್ ಆದರೆ ಸ್ಕ್ರೀನ್ ಸ್ವಲ್ಪ ಹೊತ್ತು ನಿಂತೂ ಹೋಗುತ್ತದೆ, ಗಾಬರಿಯಾಗಬೇಡಿ.

ಈಗ ಕಷ್ಟಗಳ ಮಾತು. ಮೊದಲನೆಯದು, ತಪ್ಪು ಎಲ್ಲಿ ಅಂತ ಆಟ ಯಾವಾಗಲೂ ಹೇಳುವುದಿಲ್ಲ. ಬ್ರ್ಯಾಕೆಟ್ ಮುಚ್ಚದಿದ್ದರೆ ಅಕ್ಷರ ಕೆಂಪಾಗುತ್ತದೆ, ಇಲ್ಲೇ ತಪ್ಪಿದೆ ಅಂತ ಬಾಣದ ಗುರುತೂ ಬರುತ್ತದೆ, ಅದು ಒಳ್ಳೆಯದು. ಆದರೆ ಟ್ಯಾಗ್‌ನ ಹೆಸರನ್ನೇ ತಪ್ಪು ಬರೆದರೆ ಆಟ ಸುಮ್ಮನಿರುತ್ತದೆ. ನೋಎಐ ಎಂಬುದರಲ್ಲಿ ಎನ್, ಎ, ಐ ಮೂರೂ ದೊಡ್ಡಕ್ಷರ ಇರಬೇಕು. ಎಲ್ಲ ಚಿಕ್ಕಕ್ಷರದಲ್ಲಿ ಬರೆದರೆ ಪ್ರಾಣಿ ಬರುತ್ತದೆ, ಎಂದಿನಂತೆ ಓಡಾಡುತ್ತದೆ, ನೀವು ಬರೆದದ್ದನ್ನು ಆಟ ಗಣನೆಗೇ ತೆಗೆದುಕೊಂಡಿರುವುದಿಲ್ಲ. ಒಂದು ಎಚ್ಚರಿಕೆಯ ಸಾಲು ಬಂದರೂ ಸಾಕಿತ್ತು. ಮಕ್ಕಳು ಇಲ್ಲಿ ಬೇಸತ್ತು ಬಿಟ್ಟುಬಿಡುತ್ತಾರೆ. ಹಾಗಾಗಿ ಒಂದು ಸಲಕ್ಕೆ ಒಂದೇ ಟ್ಯಾಗ್ ಸೇರಿಸಿ, ನೋಡಿ, ಸರಿಯಾಯಿತು ಅಂದಮೇಲೆ ಮುಂದಿನದು ಸೇರಿಸಿ.

ಎರಡನೆಯದು ಇನ್ನೂ ದೊಡ್ಡದು. ಸಮನ್ ಕಮಾಂಡ್ ಬಂದಿದ್ದು 2013ರಲ್ಲಿ, 1.7.2ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಬರೆಯುವ ರೀತಿ ಎಷ್ಟೋ ಸಲ ಬದಲಾಗಿದೆ. ಸವಾರಿಯ ಟ್ಯಾಗ್ 1.9ರಲ್ಲಿ ಬದಲಾಯಿತು. ಪ್ರಾಣಿಗಳ ಹೆಸರು ಬರೆಯುವ ಕ್ರಮ 1.11ರಲ್ಲಿ ಬದಲಾಯಿತು. 2018ರ 1.13ರಲ್ಲಿ ಕಮಾಂಡ್‌ಗಳ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿದರು. 1.20.5ರಲ್ಲಿ ವಸ್ತುಗಳನ್ನು ಬರೆಯುವ ರೀತಿ, 1.21.5ರಲ್ಲಿ ಪ್ರಾಣಿಗೆ ತೊಡಿಸುವ ಉಡುಪು, ಆಯುಧಗಳ ಟ್ಯಾಗ್ ಮತ್ತು ಹೆಸರಿಡುವ ರೀತಿ. ಬದಲಾವಣೆಗಳು ಒಳ್ಳೆಯದಕ್ಕೇ ಆಗಿವೆ, ಈಗಿನ ರೀತಿ ಹಿಂದಿನದಕ್ಕಿಂತ ಸರಳ, ಅದನ್ನು ಒಪ್ಪುತ್ತೇನೆ. ಆದರೆ ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಿಗುವ ಉದಾಹರಣೆಗಳಲ್ಲಿ ಎಷ್ಟೋ ಹಳೇ ಕಾಲದವು. ನೋಡಲು ಸರಿಯಾಗಿಯೇ ಇರುತ್ತವೆ, ಅಂಟಿಸಿದರೆ ನಡೆಯುವುದಿಲ್ಲ, ಇಲ್ಲವೇ ಅರ್ಧ ನಡೆಯುತ್ತವೆ. ಯಾವುದೇ ಕಮಾಂಡ್ ನಕಲು ಮಾಡುವ ಮೊದಲು ಅದು ಯಾವ ವರ್ಷನ್‌ಗೆ ಬರೆದದ್ದು ಅಂತ ನೋಡಿ. ವರ್ಷನ್ ಬರೆದಿಲ್ಲ ಅಂದರೆ ಅದನ್ನು ಬಿಟ್ಟುಬಿಡುವುದೇ ವಾಸಿ.

ಮೂರನೆಯದು, ಹಿಂದೆ ಹೋಗುವ ಬಟನ್ ಇಲ್ಲ. ಒಂದು ದಿನ ಪ್ರಯೋಗಕ್ಕೆ ಕರೆದ ಜಾಂಬಿಗಳು ಜಾಸ್ತಿಯಾಗಿ ಆಟ ತಡವರಿಸುತ್ತಿತ್ತು. ಎಲ್ಲವನ್ನೂ ಒಟ್ಟಿಗೆ ತೆಗೆಯೋಣ ಅಂತ, ಆಟಗಾರರನ್ನು ಬಿಟ್ಟು ಉಳಿದ ಎಲ್ಲವನ್ನೂ ಅಳಿಸುವ ಕಿಲ್ ಕಮಾಂಡ್ ಒತ್ತಿದೆ. ಜಾಂಬಿಗಳು ಹೋದವು. ಜೊತೆಗೆ ಹತ್ತಿರದಲ್ಲಿದ್ದ ಹಸು, ಕೋಳಿ, ಗೋಡೆಯ ಮೇಲಿನ ಚಿತ್ರಗಳು ಹೋದವು. ಮಗು ಮೂಳೆ ಹಾಕಿ ಪಳಗಿಸಿ ಎಷ್ಟೋ ದಿನ ಸಾಕಿದ ನಾಯಿಯೂ ಹೋಯಿತು. ಸಾಕಿದ ನಾಯಿ ಸತ್ತರೆ ಅದರ ಯಜಮಾನರಿಗೆ ಆಟ ಒಂದು ಸಾಲಿನ ಸುದ್ದಿ ಕಳಿಸುತ್ತದೆ. ಅವಳ ಪರದೆಯ ಮೇಲೆ ಆ ಸಾಲು ಬಂತು. ಅವಳು ಏನೂ ಮಾತಾಡಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಹೋಗಿ ಅಜ್ಜಿಯ ಪಕ್ಕ ಕೂತಳು. ಅಂಥದ್ದೇ ಇನ್ನೊಂದು ನಾಯಿಯನ್ನು ಸಮನ್ ಮಾಡಿ ಕೊಡುವುದು ನನಗೆ ಎರಡು ನಿಮಿಷದ ಕೆಲಸ. ಅದು ಬೇಡ ಅಂದಳು.

ಅವಳಿಗೆ ಆಮೇಲೆ ಟೋಸ್ಟ್ ಎಂಬ ಮೊಲದ ವಿಷಯ ಹೇಳಿದೆ. ಯಾವುದೇ ಮೊಲಕ್ಕೆ ಇಂಗ್ಲಿಷ್‌ನಲ್ಲಿ ಟೋಸ್ಟ್ ಅಂತ ಹೆಸರಿಟ್ಟರೆ ಅದು ಕಪ್ಪು ಬಿಳುಪಿನ ಒಂದು ವಿಶೇಷ ಮೊಲವಾಗುತ್ತದೆ. ಒಬ್ಬ ಆಟಗಾರನ ಗೆಳತಿ ಕಳೆದುಕೊಂಡ ಮೊಲದ ನೆನಪಿಗೆ ಅದನ್ನು ಆಟದಲ್ಲಿ ಸೇರಿಸಿದರು. ಹೆಸರಿನಿಂದಲೇ ಬದಲಾಗುವ ಬೇರೆಯವೂ ಇವೆ. ಡಿನ್ನರ್‌ಬೋನ್ ಅಂತ ಇಟ್ಟರೆ ಪ್ರಾಣಿ ತಲೆಕೆಳಗಾಗುತ್ತದೆ. ಜೆಬ್ ಅಂತ ಬರೆದು ಅಂಡರ್‌ಸ್ಕೋರ್ ಹಾಕಿದರೆ ಕುರಿಯ ಉಣ್ಣೆ ಕಾಮನಬಿಲ್ಲಿನ ಬಣ್ಣಗಳಲ್ಲಿ ಹರಿಯುತ್ತದೆ. ಇವೆರಡೂ ಆಟ ಮಾಡಿದವರ ಅಡ್ಡಹೆಸರುಗಳು. ಆದರೆ ಟೋಸ್ಟ್ ಮೊಲವನ್ನು ಮಾತ್ರ ಅವಳು ಮನೆ ಮುಂದೆ ಬೇಲಿ ಹಾಕಿ ಇಟ್ಟುಕೊಂಡಿದ್ದಾಳೆ.

ಹಾಗಾಗಿ ದಯವಿಟ್ಟು ಈ ಎರಡು ಮಾಡಿ. ಪ್ರಯೋಗಕ್ಕೆ ಮೊದಲು ಲೋಕದ ಎಡಿಟ್ ಮೆನುವಿಗೆ ಹೋಗಿ ಬ್ಯಾಕಪ್ ತೆಗೆಯಿರಿ. ಮತ್ತೆ, ನೀವು ಕರೆಯುವ ಪ್ರತಿ ಪ್ರಾಣಿಗೂ ಟ್ಯಾಗ್ಸ್ ಅನ್ನುವಲ್ಲಿ ನಿಮ್ಮದೇ ಒಂದು ಗುರುತು ಕೊಡಿ. ನಾವು ಕಿಚ್ಚು ಅಂತ ಇಂಗ್ಲಿಷ್ ಅಕ್ಷರದಲ್ಲಿ ಕೊಡುತ್ತೇವೆ. ಆಮೇಲೆ ಆ ಗುರುತು ಇರುವುದನ್ನು ಮಾತ್ರ ಅಳಿಸು ಅಂತ ಹೇಳಬಹುದು, ಉಳಿದವು ಕ್ಷೇಮ.

ಕನ್ನಡಿಗರಿಗೆ ಒಂದು ಬೇಸರದ ವಿಷಯ. ಆಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಆಟಗಾರರೇ ಕೂತು ಅನುವಾದ ಮಾಡಿದ್ದಾರೆ, ಅವರಿಗೆಲ್ಲ ನನ್ನ ಧನ್ಯವಾದ. ಪ್ರಾಣಿಗೆ ಕನ್ನಡ ಅಕ್ಷರದಲ್ಲಿ ಹೆಸರಿಡಲೂ ಬಹುದು. ಆದರೆ ಜಾವಾ ಎಡಿಷನ್ ನಮ್ಮ ಅಕ್ಷರಗಳನ್ನು ಸರಿಯಾಗಿ ಕೂಡಿಸುವುದಿಲ್ಲ. ಗೌರಿ ಅಂತ ಬರೆದರೆ ಗುಣಿತದ ಚಿಹ್ನೆಗಳು ಅಕ್ಷರಕ್ಕೆ ಅಂಟದೆ ಪಕ್ಕದಲ್ಲಿ ಬಿಡಿಯಾಗಿ ನಿಲ್ಲುತ್ತವೆ. ಲಕ್ಷ್ಮಿ ಅಂತ ಬರೆದರಂತೂ ಒತ್ತಕ್ಷರ ಪೂರ್ತಿ ಚೆಲ್ಲಾಪಿಲ್ಲಿ. ಓದಲು ಬರುವ ಮಗು ಅದನ್ನು ನೋಡಿ "ಇದು ತಪ್ಪಲ್ವಾ?" ಅಂತ ಕೇಳುತ್ತದೆ, ತಪ್ಪೇ. ಕೊನೆಗೆ ಇಂಗ್ಲಿಷ್ ಅಕ್ಷರದಲ್ಲೇ ಗೌರಿ ಅಂತ ಬರೆದೆವು. ಇಷ್ಟು ದೊಡ್ಡ ಆಟದಲ್ಲಿ ಇದು ಸರಿಹೋಗಲೇಬೇಕು. ಗುಣಿತದ ಚಿಹ್ನೆಯೂ ಒತ್ತಕ್ಷರವೂ ಬೇಡದ ರಮ, ಕಮಲ ಥರದ ಹೆಸರಾದರೆ ಸದ್ಯಕ್ಕೆ ಚೆನ್ನಾಗಿ ಕಾಣುತ್ತದೆ.

ಕೊಳ್ಳುವವರಿಗೆ ಮುಖ್ಯವಾದ ಮಾತು. ಇಲ್ಲಿ ಹೇಳಿದ್ದೆಲ್ಲ ಜಾವಾ ಎಡಿಷನ್ ಬಗ್ಗೆ, ಅದು ಕಂಪ್ಯೂಟರ್‌ನಲ್ಲಿ ಮಾತ್ರ. ಮೊಬೈಲ್, ಟ್ಯಾಬ್, ಎಕ್ಸ್‌ಬಾಕ್ಸ್‌ಗಳಲ್ಲಿ ಇರುವುದು ಬೆಡ್‌ರಾಕ್ ಎಡಿಷನ್. ಅಲ್ಲೂ ಸಮನ್ ಇದೆ, ಹೆಸರಿಡಬಹುದು, ಮೊದಲೇ ಸಿದ್ಧ ಮಾಡಿಟ್ಟ ಕೆಲವು ರೂಪಗಳಲ್ಲಿ ಕರೆಯಬಹುದು, ಆದರೆ ಕರ್ಲಿ ಬ್ರ್ಯಾಕೆಟ್ ಒಳಗೆ ಒಂದೊಂದೇ ಗುಣ ಬರೆಯುವ ಆಟ ಇಲ್ಲ. ಕಮಾಂಡ್ ಬಳಸಲು ಚೀಟ್ಸ್ ಆನ್ ಮಾಡಿದರೆ ಆ ಲೋಕದಲ್ಲಿ ಅಚೀವ್‌ಮೆಂಟ್‌ಗಳೂ ಸಿಗುವುದಿಲ್ಲ. ನಮ್ಮಲ್ಲಿ ಎಷ್ಟೋ ಮಕ್ಕಳು ಆಡುವುದು ಫೋನಿನಲ್ಲಿ, ಜಾವಾ ಎಡಿಷನ್‌ನ ವಿಡಿಯೋ ನೋಡಿ ತಮ್ಮ ಫೋನಿನಲ್ಲಿ ಬರೆದು ಬರಲಿಲ್ಲ ಅಂತ ಅಳುತ್ತಾರೆ. ತಪ್ಪು ಅವರದ್ದಲ್ಲ, ಎಡಿಷನ್ ಬೇರೆ ಅಂತ ಹೇಳಿ. ವಿಂಡೋಸ್‌ಗೆ ಕೊಂಡರೆ 2022ರ ಜೂನ್‌ನಿಂದ ಎರಡೂ ಒಟ್ಟಿಗೇ ಸಿಗುತ್ತವೆ, ಬೇರೆ ಬೇರೆ ಕೊಳ್ಳಬೇಕಾಗಿಲ್ಲ.

ಬೇರೆ ಆಟಗಳಲ್ಲೂ ಇಂಥದ್ದಿದೆ. ಆರ್ಕ್ ಆಟದಲ್ಲಿ ಡೈನೋಸಾರ್ ಕಡೆ ನೋಡುತ್ತಾ ಕಮಾಂಡ್ ಟೈಪ್ ಮಾಡುವ ಸಾಲಿನಲ್ಲಿ ಬರೆದರೆ ಅದರ ಮೈಯ ಆರು ಭಾಗಗಳಿಗೆ ಬೇರೆ ಬೇರೆ ಬಣ್ಣ ಕೊಡಬಹುದು, ಫಲಿತಾಂಶ ನೋಡಲು ಬಹಳ ಚೆಂದ. ಆದರೆ ಅಲ್ಲಿ ಬಣ್ಣ ಬಳಿದ ಹಾಗೆ ಅನ್ನಿಸುತ್ತದೆ, ಇಲ್ಲಿ ಪ್ರಾಣಿಯನ್ನು ಕಟ್ಟಿದ ಹಾಗೆ. ನನ್ನ ಓಟು ಇದಕ್ಕೇ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಳೆದದ್ದು ಕನ್ನಡ ಅಕ್ಷರಕ್ಕೆ.

ಕೊನೆಗೆ ಒಂದು ಉಪಯೋಗದ ವಿಷಯ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಪ್ರಾಣಿಯ ಮುಂದೆ ನಿಂತು, ಅದನ್ನೇ ನೋಡುತ್ತಾ, ಎಫ್3 ಒತ್ತಿ ಹಿಡಿದು ಐ ಒತ್ತಿ. ಲ್ಯಾಪ್‌ಟಾಪ್ ಆದರೆ ಜೊತೆಗೆ ಫಂಕ್ಷನ್ ಕೀ ಬೇಕಾಗಬಹುದು. ಆ ಪ್ರಾಣಿಯ ಎಲ್ಲ ಗುಣಗಳೂ ಒಂದು ಪೂರ್ತಿ ಸಮನ್ ಕಮಾಂಡ್ ಆಗಿ ಕಾಪಿ ಆಗುತ್ತವೆ. ಯಾವ ಟ್ಯಾಗ್ ಹೇಗೆ ಬರೆಯಬೇಕು ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ನಿಮ್ಮ ವರ್ಷನ್‌ಗೆ ಸರಿಯಾದದ್ದೇ ಬರುತ್ತದೆ. ರಜೆ ಮುಗಿದು ಮಗು ಬೆಂಗಳೂರಿಗೆ ಹೋದ ಮೇಲೆ ಗೌರಿಯನ್ನು ಹೀಗೆ ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆ. ಚಾಟ್ ಸಾಲಿನಲ್ಲಿ 256 ಅಕ್ಷರ ಮಾತ್ರ ಹಿಡಿಯುತ್ತದೆ, ಅದಕ್ಕೇ ಕಮಾಂಡ್ ಬರೆದಿಟ್ಟು ನಡೆಸುವ ಕಮಾಂಡ್ ಬ್ಲಾಕ್ ಇಟ್ಟು ಅದರೊಳಗೆ ಅಂಟಿಸು, ಪಕ್ಕದಲ್ಲಿ ಒಂದು ಬಟನ್ ಇಡು ಅಂತ ಫೋನಿನಲ್ಲಿ ಹೇಳಿದೆ. ಅವಳು ಬಟನ್ ಒತ್ತಿದಳು. "ಬಂದ್ಲು ಅತ್ತೆ!" ಅಂತ ಕೂಗಿದ್ದು ಕೇಳಿಸಿತು. ಅದರ ಹಿಂದೆಯೇ ಸಣ್ಣದಾಗಿ ಅಂಬಾ ಅಂದದ್ದೂ ಕೇಳಿಸಿತು.